ಮುಸುವನ ಎದೆಯ ಮೇಲೆ ಅಪ್ಪ

ಸುತ್ತಿಗೆಯ ಸದ್ದು ಎಲ್ಲಿ ಕೇಳಿದರೂ ಡೇವಿಡ್ ಅಂಕಲ್ ಬಂದು ನಮ್ಮ ಬಾಗಿಲು ತಟ್ಟುತ್ತಿದ್ದರು. ಪಕ್ಕದ ಮನೆಯವರು ತೆಂಗಿನಕಾಯಿ ಒಡೆದರೂ ಸಾಕು, ಬನಿಯನ್ನಿನಲ್ಲೇ ಬಂದು ನಾಲ್ಕು ಗೋಡೆಯ ಮೇಲೂ ಕಣ್ಣಾಡಿಸಿ, "ಮೊಳೆ ಹೊಡೆದ್ರಾ?" ಎನ್ನುವರು. ಪುಲಿಕೇಶಿನಗರದ ಆ ಹಳೆಯ ಮನೆಯ ಮುಂಭಾಗ ನಮಗೆ ಬಾಡಿಗೆಗೆ, ಹಿಂಭಾಗದಲ್ಲಿ ಮಾಲೀಕರಾದ ಅವರು. ಗಾರೆಯ ಗೋಡೆ. ಒಂದು ಮೊಳೆ ಹೊಡೆದರೆ ಅಂಗೈಯಗಲ ಉದುರುತ್ತಿದ್ದುದು ನಿಜವೇ. "ಗೋಡೆಗೂ ವಯಸ್ಸಾಗಿದೆ ಕಣಮ್ಮಾ, ಚುಚ್ಬೇಡಿ" ಎಂದು ಕಾರ್ಖಾನೆಯಿಂದ ನಿವೃತ್ತರಾದ ಆ ಮನುಷ್ಯ ಆಸ್ಪತ್ರೆಯಲ್ಲಿ ಮಾತಾಡುವ ಹಾಗೆ ಮೆತ್ತಗೆ ಹೇಳುತ್ತಿದ್ದರು.

ಇದ್ದ ಮೊಳೆಗಳಿಗಾದರೂ ನಮ್ಮದೇನಾದರೂ ತೂಗುಹಾಕೋಣವೆಂದರೆ ಅಲ್ಲೆಲ್ಲ ಕೋತಿಗಳು. ಯಾವುದೋ ಕಾಲದ ಪ್ರಾಣಿಶಾಸ್ತ್ರದ ಪುಸ್ತಕದಿಂದ ಬಿಚ್ಚಿ ತೆಗೆದ, ಕೈಯಲ್ಲಿ ಬಣ್ಣ ತುಂಬಿದ ದೊಡ್ಡ ಹಾಳೆಗಳು. ಒರಾಂಗುಟಾನ್, ಸಿಂಗಳೀಕ, ಕಣ್ಣು ಬಿಟ್ಟುಕೊಂಡ ಕಾಡುಪಾಪ, ಕಿಟಕಿಯ ಎದುರು ಕಪ್ಪು ಮುಖದ ಮುಸುವ. ಅಂಕಲ್ ಹೆಂಡತಿ ಮೇರಿ ಶಿವಾಜಿನಗರದ ಹಳೆ ಸಾಮಾನಿನ ಅಂಗಡಿಯಲ್ಲಿ ಆರಿಸಿ ತಂದು ಕಟ್ಟುಹಾಕಿಸಿದ್ದರಂತೆ. ನಾವು ಬರುವ ಮೊದಲೇ ಆಕೆ ತೀರಿಕೊಂಡಿದ್ದರು. ಆಕೆ ತೂಗುಹಾಕಿದ್ದನ್ನು ಅಂಕಲ್ ಅಲುಗಿಸಲೂ ಬಿಡುತ್ತಿರಲಿಲ್ಲ. ನಮ್ಮ ಕ್ಯಾಲೆಂಡರು ಕಿಟಕಿಯ ಸರಳಿಗೆ, ದೇವರು ಅಡುಗೆಮನೆಯ ಶೆಲ್ಫಿಗೆ. ಬಾಡಿಗೆ ನಮ್ಮದು, ಗೋಡೆ ಕೋತಿಗಳದ್ದು ಎಂದು ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅಮ್ಮ ಮಾತ್ರ ಬೇಗ ಹೊಂದಿಕೊಂಡಳು. ಒಂದು ಶನಿವಾರ ಮುಸುವನ ಗಾಜಿಗೆ ಕುಂಕುಮ ಇಟ್ಟುಬಿಟ್ಟಳು. ಅಂಕಲ್ ಅದನ್ನು ಒರೆಸಿ, ಇದು ಆಂಜನೇಯ ಅಲ್ಲ, ಬರೀ ಕೋತಿ ಎಂದರು. ನಿಮಗೆ ಕೋತಿ, ನನಗೆ ಆಂಜನೇಯ ಎಂದಳು ಅಮ್ಮ. ಮುಂದಿನ ಶನಿವಾರವೂ ಇಟ್ಟಳು, ಅವರೂ ಒರೆಸಿದರು.

ಆಮೇಲೆ ಅಪ್ಪ ಹೋದರು. ಬೆಳಿಗ್ಗೆ ಹಾಲು ತರಲು ಹೋದವರನ್ನು ಯಾರೋ ಆಟೋದಲ್ಲಿ ಮಲಗಿಸಿಕೊಂಡು ಬಂದರು. ವೈಕುಂಠ ಸಮಾರಾಧನೆಗೆ ಕಟ್ಟು ಹಾಕಿಸಿದ ಫೋಟೋವನ್ನು ಕುರ್ಚಿಯ ಮೇಲೆ ಇಟ್ಟೆವು. ಕಾರ್ಯವೆಲ್ಲ ಮುಗಿದರೂ ಅದು ಕುರ್ಚಿಯಲ್ಲೇ ಉಳಿಯಿತು. ಬಂದವರು ಕೂರಲು ಹೋಗುವುದು, ಅಮ್ಮ ಹೌಹಾರಿ ಎದ್ದು ಬರುವುದು. ಒಂದೇ ಒಂದು ಕೋತಿಯನ್ನು ಇಳಿಸಿಕೊಡಿ ಎಂದು ಅಂಕಲ್ ಅವರನ್ನು ಬೇಡಿದೆ. ಅವರು ಆಗದೆಂದು ತಲೆಯಾಡಿಸಿದರು.

"ಅದು ಮೇರಿ ಹಾಕಿದ್ದಮ್ಮಾ."

"ಇದು ನಮ್ಮಪ್ಪ, ಅಂಕಲ್."

ಅವರು ಹಿಂಭಾಗಕ್ಕೆ ಹೊರಟುಹೋದರು. ಹೆಂಡತಿಯ ನೆನಪಿಗೆ ಇಡೀ ಗೋಡೆ, ನನ್ನಪ್ಪನಿಗೆ ಒಂದು ಮೊಳೆಯೂ ಇಲ್ಲ. ಬೇರೆ ಮನೆ ನೋಡೋಣವೆಂದು ಅಮ್ಮನೊಡನೆ ಜಗಳವಾಡಿದೆ.

ಭಾನುವಾರ ಚರ್ಚು ಮುಗಿಸಿಕೊಂಡು ಅಂಕಲ್ ನಮ್ಮ ಮನೆಗೆ ಬಂದರು, ಕೈಯಲ್ಲಿ ತಂತಿ, ಇಕ್ಕಳ. ಸ್ಟೂಲು ಹತ್ತಿ, ಮುಸುವನಿದ್ದ ಮೊಳೆಗೇ ಉದ್ದನೆಯ ತಂತಿ ಸಿಕ್ಕಿಸಿ, ಅಪ್ಪನ ಫೋಟೋವನ್ನು ಚಿತ್ರದ ನಡುವಿಗೆ ಬರುವಂತೆ ಇಳಿಬಿಟ್ಟರು. ಅಪ್ಪನ ಸುತ್ತ ಮುಸುವನ ತಲೆ, ಕೈಕಾಲು, ಬಾಲ. ಕೋತಿಯ ಎದೆ ಮೇಲೆ ಹಾಕ್ತೀರಲ್ಲ ಎಂದು ಅಮ್ಮ ಅಳತೊಡಗಿದಳು.

ಅಂಕಲ್ ಸ್ಟೂಲಿನ ಮೇಲಿಂದಲೇ ತಿರುಗಿ, "ಆಂಜನೇಯ ಅಂತ ನೀವೇ ಅಂದ್ರಲ್ಲಮ್ಮಾ" ಎಂದರು.

ಆಮೇಲೆ ಅವರು ಕುಂಕುಮ ಒರೆಸಲಿಲ್ಲ.

ವರ್ಷಗಳ ಮೇಲೆ ಕೆ.ಆರ್. ಪುರದ ಕಡೆ ಸ್ವಂತ ಮನೆಯಾಗಿ ಹೊರಟಾಗ, ಫೋಟೋವನ್ನು ಇಳಿಸಿಕೊಟ್ಟವರೂ ಅವರೇ. ಕಿಟಕಿಯ ಬಿಸಿಲಿಗೆ ಮುಸುವನ ಬಣ್ಣವೆಲ್ಲ ಹಾರಿಹೋಗಿತ್ತು. ಅಪ್ಪನ ಫೋಟೋ ಮುಚ್ಚಿದ್ದಷ್ಟು ಜಾಗ ಮಾತ್ರ ಬರೆದ ದಿನದಂತೆ ದಟ್ಟವಾಗಿತ್ತು. ಸ್ಟೂಲಿನ ಮೇಲೆ ನಿಂತೇ ಅವರು ಅದನ್ನು ತುಂಬ ಹೊತ್ತು ನೋಡಿದರು.

"ನೀವು ಖಾಲಿ ಮಾಡಿದ್ರಿ," ಎಂದರು. "ನಿಮ್ಮಪ್ಪ ಮಾಡಿಲ್ಲ ನೋಡಮ್ಮಾ."

ಆ ಚಿತ್ರ ಕೊಡಿ ಎಂದೆ. ಕೊಡಲಿಲ್ಲ. ಆಗಲೂ ಸಿಟ್ಟು ಮಾಡಿಕೊಂಡೇ ಗೇಟು ದಾಟಿದೆ. ಮತ್ತೆ ಅವರನ್ನು ನೋಡಲಿಲ್ಲ. ಅವರು ತೀರಿಕೊಂಡ ಸುದ್ದಿ ತಿಳಿದು ಹೋಗುವಷ್ಟರಲ್ಲಿ ಮನೆ ಕೆಡವಿ ಪಾಯ ತೋಡುತ್ತಿದ್ದರು. ಚಿತ್ರಗಳ ವಿಷಯ ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ.

ಈಗ ಇಂದಿರಾನಗರದ ಕಾಫಿ ಅಂಗಡಿಗಳಲ್ಲಿ ಇಂಥ ಹಳೆಯ ಕಾಲದ ಕೋತಿ ಚಿತ್ರ ತೂಗುಹಾಕುವುದು ಫ್ಯಾಷನ್ನು. ಕಂಡಲ್ಲೆಲ್ಲ ಎದ್ದು ಹತ್ತಿರ ಹೋಗಿ, ಎದೆಯ ಮೇಲೆ ಆ ದಟ್ಟ ಚೌಕವಿದೆಯೇ ಎಂದು ಹುಡುಕುತ್ತೇನೆ. ಎಲ್ಲ ಹೊಸ ಪ್ರಿಂಟು, ಅಂಚಿನಿಂದ ಅಂಚಿಗೆ ಬಣ್ಣ ಒಂದೇ ಸಮ. ವಾಪಸ್ಸು ಬಂದು ಕೂರುವಷ್ಟರಲ್ಲಿ ಕಾಫಿ ಆರಿರುತ್ತದೆ, ಅಂಕಲ್ ಮೇಲೆ ಮತ್ತೆ ಸಿಟ್ಟು ಬರುತ್ತದೆ.