ಬಳೆ ಅಂಗಡಿ ಭವ್ಯಶ್ರೀಯ ಹಣೆ

ನನ್ನ ಗೆಳತಿ ಭವ್ಯಶ್ರೀ ಕಳೆದ ಮಂಗಳವಾರ ಸಂಜೆ ಕುಂಬಾರಕೊಪ್ಪಲಿನ ತನ್ನ ಬಳೆ ಅಂಗಡಿಯಲ್ಲಿ ಹೃದಯಾಘಾತದಿಂದ ತೀರಿಕೊಂಡಳು. ನಲವತ್ತೇಳು ವರ್ಷ. ಆಸ್ಪತ್ರೆ ತಲುಪುವ ಮೊದಲೇ ಮುಗಿದಿತ್ತು.

ಮಾರನೆಯ ಬೆಳಿಗ್ಗೆ ಮನೆಯ ಮುಂದೆ ಮಲಗಿಸಿದ್ದರು. ಮುತ್ತೈದೆ ಸಾವು, ಹಾಗಾಗಿ ಹಸಿರು ಸೀರೆ, ಕೈತುಂಬ ಬಳೆ, ಕೆನ್ನೆಗೆ ಅರಿಶಿನ. ಅತ್ತೆ ಲಕ್ಷ್ಮಮ್ಮ ಬಟ್ಟಲು ತುಂಬ ಕುಂಕುಮ ತಂದು ತಲೆಯ ಹತ್ತಿರ ಕೂತರು. ನಾನು ಅವರ ಕೈ ಹಿಡಿದೆ.

"ಹಣೆಗೆ ಬೇಡ ಅಮ್ಮ. ಅವಳಿಗೆ ಆಗ್ತಿರಲಿಲ್ಲ."

"ಇನ್ನೆಲ್ಲಿ ಉರೀತದೆ ಬುಡವ್ವ ಅವ್ಳಿಗೆ," ಅಂದರು.

ನಾನು ಕೈ ಬಿಟ್ಟೆ. ಹುಬ್ಬುಗಳ ನಡುವಿನ ಬಿಳಿ ಮಚ್ಚೆ ಕಾಣದ ಹಾಗೆ ಅವರು ಕುಂಕುಮ ಮೆತ್ತಿದರು. ಭವ್ಯಶ್ರೀಯ ಮಗಳು ಶಿಲ್ಪಶ್ರೀಗೆ ಮದುವೆಗೆ ಗೊತ್ತುಮಾಡಿರುವ ಹುಡುಗ ನಿಶಾಂತ್. ಅವನ ತಾಯಿ ರಾಮಕೃಷ್ಣನಗರದಿಂದ ಬಂದು ಕಾಲಿನ ಬಳಿ ನಿಂತಿದ್ದರು. ಅವರ ಹಣೆ ಬರಿದಾಗಿತ್ತು. ಸೇರಿದ್ದ ಹೆಂಗಸರು ಅದನ್ನೂ ನೋಡಿ ಪಿಸುಗುಟ್ಟಿದರು. ನಿಶ್ಚಿತಾರ್ಥದ ಮಾತನ್ನು ಇದುವರೆಗೆ ಯಾರೂ ಎತ್ತಿಲ್ಲ.

ಭವ್ಯಶ್ರೀ ಮತ್ತು ನಾನು ಹೈಸ್ಕೂಲಿನಲ್ಲಿ ಒಂದೇ ಬೆಂಚು. ನಾನು ಓದು ಮುಂದುವರಿಸಿದೆ, ಅವಳು ಮದುವೆಯಾಗಿ ಅಂಗಡಿ ಇಟ್ಟಳು. ಬಳೆ, ಹೇರ್‌ಪಿನ್ನು, ಪೌಡರು, ಸ್ಟಿಕರ್ ಬೊಟ್ಟು. ಹೊಸ ನಮೂನೆಯ ಸ್ಟಿಕರ್ ಬಂದರೆ ಮೊದಲು ತನ್ನ ಹಣೆಗೇ ಅಂಟಿಸಿಕೊಳ್ಳುತ್ತಿದ್ದಳು. "ನೀನಿಟ್ಟಿರೋದೇ ಕೊಡಕ್ಕ" ಎಂದು ಹುಡುಗಿಯರು ಕೇಳುತ್ತಿದ್ದರು. ಬೇರೆ ಅಂಗಡಿಗಳಿಗೆ ಬೋರ್ಡು ಇರುತ್ತಿತ್ತು, ಇವಳಿಗೆ ಹಣೆ ಇತ್ತು.

ಒಂದು ದಿನ ಮುಖ ತೊಳೆದು ಬಂದವಳು ಕನ್ನಡಿಯ ಮುಂದೆ ಹಾಗೇ ನಿಂತುಬಿಟ್ಟಳು. ಬೊಟ್ಟಿದ್ದ ಜಾಗ ಸಾಸಿವೆಯಷ್ಟು ಬಿಳುಪಾಗಿತ್ತು. ತುರಿಕೆಯಂತೂ ಬಹಳ ದಿನದಿಂದ ಇತ್ತು, ಬೆವರು ಅಂದುಕೊಂಡಿದ್ದಳು. ಅದು ಅವರೆಕಾಳಿನಷ್ಟು ಆದಾಗ ಚರ್ಮದ ಡಾಕ್ಟರ ಬಳಿ ನಾನೇ ಕರೆದುಕೊಂಡು ಹೋದೆ. ಅವಳು ಬಾಯಿಬಿಟ್ಟು ಕೇಳಲಾರದೆ ನನ್ನ ಮುಖ ನೋಡಿದಳು. ನಾನು ಕೇಳಿದೆ: ತೊನ್ನಾ? ಅಲ್ಲ, ಸ್ಟಿಕರಿನ ಅಂಟಿನಿಂದ ಬಂದದ್ದು, ಇನ್ನೊಬ್ಬರಿಗೆ ಅಂಟುವುದಲ್ಲ, ಮಕ್ಕಳಿಗೆ ಬರುವುದೂ ಅಲ್ಲ, ಸ್ಟಿಕರ್ ಬಿಡಿ ಎಂದರು ಡಾಕ್ಟರು. ಹೊರಗೆ ಬಂದವಳೇ "ಡಾಕ್ಟ್ರಿಗೇನು, ಹೇಳ್ಬುಟ್ರು. ನಮ್ಮ ಬೀದೀಲಿ ಯಾರು ನಂಬ್ತಾರೆ ಕಣೆ?" ಅಂದಳು. ಶಿಲ್ಪಶ್ರೀಗೆ ಆಗ ಗಂಡು ಹುಡುಕಲು ಶುರುಮಾಡಿದ್ದರು.

ಸ್ಟಿಕರ್ ಬಿಟ್ಟು ಕುಂಕುಮಕ್ಕೆ ಬಂದಳು. ಅಂಗಡಿಯ ಕುಂಕುಮ ಉರಿಯಿತು. ದೇವರಾಜ ಮಾರುಕಟ್ಟೆಯಿಂದ ಅರಿಶಿನದ ಕೊಂಬು ತಂದು, ನಿಂಬೆರಸ, ಬಿಳಿಗಾರ ಹಾಕಿ, ನೆರಳಲ್ಲಿ ಒಣಗಿಸಿ, ಕುಟ್ಟಿ, ತಾನೇ ಕುಂಕುಮ ಮಾಡಿದಳು. ಬಣ್ಣ ಚೆನ್ನಾಗಿ ಬಂತು. ಹಚ್ಚಿಕೊಂಡ ಮಧ್ಯಾಹ್ನವೇ ಹಣೆ ಹಿಡಿದುಕೊಂಡು ನನಗೆ ಫೋನ್ ಮಾಡಿದಳು. "ಮನೇಲಿ ಮಾಡಿದ್ದು ಅಂತ ಚರ್ಮಕ್ಕೇನು ಗೊತ್ತು?"

ಅಲ್ಲಿಂದ ಅವಳಿಗೆ ಎಲ್ಲದರ ಮೇಲೂ ಅನುಮಾನ. ಒಂದೊಂದಾಗಿ ಬದಲಾಯಿಸಿದಳು, ಒಂದು ಸರಿಹೋಯಿತು ಎಂದು ಖಾತ್ರಿಯಾದ ಮೇಲೆ ಇನ್ನೊಂದು. ಘಮಘಮ ಸೋಪು ಹೋಗಿ ಕಡಲೆಹಿಟ್ಟು ಬಂತು, ಶಾಂಪೂ ಹೋಗಿ ಸೀಗೆಪುಡಿ. ತಲೆಗೆ ಬಣ್ಣ ಹಚ್ಚುವುದು ಬಿಟ್ಟಳು. "ಅಡುಗೆಮನೇಲಿರೋದೆಲ್ಲ ಬಚ್ಚಲಿಗೆ ಬಂತು. ಸಾರಿಗೆ ಇನ್ನು ಸೋಪ್ ಹಾಕ್ತೀಯೇನಮ್ಮ?" ಎಂದು ಮಗಳು ರೇಗಿಸುತ್ತಿದ್ದಳು. ಅಂಗಡಿಯಲ್ಲೂ ಹಾಗೇ. ಮೊದಲು ಹೆಸರು ವಿಳಾಸವಿಲ್ಲದ ಬಿಳುಪಿನ ಕ್ರೀಮು ತೆಗೆದಳು. ಸ್ಟಿಕರುಗಳನ್ನು ಮಾತ್ರ ಬಹಳ ದಿನ ತೆಗೆಯಲಾಗಲಿಲ್ಲ, ಅಂಗಡಿ ನಿಂತದ್ದೇ ಅದರ ಮೇಲೆ. ಹೋದ ಶ್ರಾವಣ ಕಳೆದ ಮೇಲೆ ಅವನ್ನೂ ತೆಗೆದು ಹಿಂದಿನ ಕಪಾಟಿಗೆ ಹಾಕಿದಳು. ಗಿರಾಕಿಗಳು ಪಕ್ಕದ ಅಂಗಡಿಗೆ ನಡೆದರು.

ಕೊನೆಗೆ ಡಾಕ್ಟರು ಹಣೆಗೆ ಏನನ್ನೂ ಹಚ್ಚಬೇಡಿ ಎಂದರು. ಅದು ಎಲ್ಲಕ್ಕಿಂತ ಕಷ್ಟದ್ದು.

"ಗಂಡ ಗುಂಡುಕಲ್ಲಂಗವ್ನೆ, ಹಣೆ ಬರಿದು ಮಾಡ್ಕಂಡು ಬೀದಿ ಸುತ್ತೀಯಲ್ಲ!" ಎಂದು ಲಕ್ಷ್ಮಮ್ಮ ಕೂಗಾಡಿದರು.

ಭವ್ಯಶ್ರೀಯ ಗಂಡ ಚೆಲುವರಾಜು ಬಸ್ ಡಿಪೋದಲ್ಲಿ ಮೆಕ್ಯಾನಿಕ್, ಮಾತು ಕಡಿಮೆ. "ನಾನೇನು ಅವ್ಳ ಹಣೆ ಮೇಲಾ ಬದ್ಕಿರೋದು, ಅವ್ವ?" ಅಂದ. ಆದರೆ ಅವನೂ ಹೆಂಡತಿಯನ್ನು ನೆಂಟರ ಮದುವೆಗಳಿಗೆ ಕರೆದುಕೊಂಡು ಹೋಗುವುದು ಕಡಿಮೆ ಮಾಡಿದ. ಅವಳು ಅದನ್ನು ನನಗೆ ಒಮ್ಮೆ ಮಾತ್ರ ಹೇಳಿದಳು.

ನಿಶಾಂತನ ಮನೆಯವರು ಹೆಣ್ಣು ನೋಡಲು ಬರುವ ದಿನ ಹಿಂದಿನ ಕಪಾಟು ತೆಗೆದು, ಇದ್ದುದರಲ್ಲೇ ದೊಡ್ಡ ಸ್ಟಿಕರ್ ಅಂಟಿಸಿಕೊಂಡಳು. "ಒಂದು ಗಳಿಗೆ ತಾನೆ." ಎಲ್ಲ ಸುಸೂತ್ರವಾಗಿ ನಡೆಯಿತು, ಹುಡುಗಿ ಒಪ್ಪಿಗೆಯಾದಳು. ಮರುದಿನ ಹಣೆಯಲ್ಲಿ ನೀರುಗುಳ್ಳೆ. ಆಮೇಲಿಂದ ಅವಳಿಗೆ ನಿದ್ದೆ ಸರಿಯಿರಲಿಲ್ಲ. ಮದುವೆಮನೆಯ ಬೆವರಿಗೆ ಬೊಟ್ಟು ಉದುರಿದರೆ? ಮದುವೆಯಾದ ಮೇಲೆ ಗೊತ್ತಾಗಿ ಮಗಳಿಗೆ ಚುಚ್ಚಿ ಮಾತಾಡಿದರೆ? ಮೊದಲೇ ಹೇಳಿದರೆ ಸಂಬಂಧವೇ ಮುರಿದುಬಿದ್ದರೆ? "ಯಾವ ಕಡೆಯಿಂದ ನೋಡಿದ್ರೂ ಅವಳ ತಲೆಗೇ ಬರುತ್ತೆ ಕಣೆ," ಅನ್ನುತ್ತಿದ್ದಳು.

ಅವಳು ತೀರಿಕೊಂಡ ಆ ಮಂಗಳವಾರ ನಿಶಾಂತನ ತಾಯಿ ನಿಶ್ಚಿತಾರ್ಥಕ್ಕೆ ಬಳೆ ಆರಿಸಲು ಬರುತ್ತೇನೆಂದು ಫೋನ್ ಮಾಡಿದ್ದರು. ನಾನು ಹೋದಾಗ ಭವ್ಯಶ್ರೀ ಆ ದೊಡ್ಡ ಸ್ಟಿಕರ್ ಅಂಟಿಸಿಕೊಂಡು ಕೂತಿದ್ದಳು. ಬೆಳಗಿನಿಂದ ಭುಜ ನೋಯುತ್ತಿದೆ, ಬಳೆ ಪೆಟ್ಟಿಗೆ ಎತ್ತಿದ್ದಕ್ಕಿರಬೇಕು ಎಂದಳು. ನಾನೂ ಹಾಗೇ ಅಂದುಕೊಂಡೆ.

ನಿಶಾಂತನ ತಾಯಿ ಬಂದು ಬಳೆ ಆರಿಸಿದ್ದಾಯಿತು. ಅವರು ನಗುತ್ತಾ ಅಂದರು: "ಬೀಗ್ರೇ, ನೀವಿಟ್ಟಿದ್ದೀರಲ್ಲ, ಅಂಥದ್ದೇ ಸ್ಟಿಕರ್ ಕೊಡಿ. ಅವತ್ತೇ ಕಣ್ಣಿಗೆ ಬಿದ್ದಿತ್ತು. ನಿಶ್ಚಿತಾರ್ಥಕ್ಕೆ ನಮ್ಮನೆ ಹೆಂಗಸ್ರಿಗೆಲ್ಲ ಒಂದೇ ಥರ ಇರ್ಲಿ. ಶಿಲ್ಪಂಗೂ."

"ಅದು ಮಾರಲ್ಲ ಬೀಗ್ರೇ."

"ಯಾಕೆ, ಖಾಲಿಯಾಯ್ತಾ?"

ಭವ್ಯಶ್ರೀ ನನ್ನ ಕಡೆ ಒಮ್ಮೆ ನೋಡಿದಳು. ಆಮೇಲೆ ಉಗುರಿನಿಂದ ಅಂಚೆತ್ತಿ ಸ್ಟಿಕರ್ ಕಿತ್ತಳು.

"ಇದಕ್ಕೇ ಮಾರಲ್ಲ."

ಅವರ ನಗು ಹಾಗೇ ಉಳಿಯಿತು, ಮುಖ ಮಾತ್ರ ಬದಲಾಯಿತು. "ಅವತ್ತು ನಾವು ಬಂದಾಗ್ಲೂ ಇತ್ತಾ?"

"ಇತ್ತು. ಭಯಕ್ಕೆ ಮುಚ್ಕೊಂಡೆ. ತೊನ್ನಲ್ಲ ಇದು, ಅಂಟಿಂದ ಬಂದಿರೋದು, ಮಗಳಿಗೆ ಬರಲ್ಲ. ಡಾಕ್ಟ್ರ ಹೆಸ್ರು ಕೊಡ್ತೀನಿ, ನೀವೇ ಹೋಗಿ ಕೇಳಿ. ಆದ್ರೆ ಮುಚ್ಚಿಟ್ಟು ಹೆಣ್ಣು ಕೊಡಕ್ಕೆ ನನ್ನಿಂದಾಗಲ್ಲ."

"ಯಜಮಾನ್ರನ್ನ ಕೇಳ್ದೆ ನಾನೇನೂ ಹೇಳಕ್ಕಾಗಲ್ಲ ಕಣ್ರೀ."

"ಕೇಳಿ."

ಬಳೆಯ ಪೊಟ್ಟಣ ತೆಗೆದುಕೊಳ್ಳದೆ ಅವರು ಎದ್ದರು. ಬಾಗಿಲ ಬಳಿಯ ಕನ್ನಡಿಯ ಮುಂದೆ ನಿಂತು, ತಮ್ಮ ಹಣೆಯ ಸ್ಟಿಕರನ್ನು ಬೆರಳಿಂದ ಮುಟ್ಟಿಕೊಂಡರು.

"ನಂಗೂ ಇಲ್ಲಿ ಕಡಿಯುತ್ತೆ. ಸ್ವಲ್ಪ ನೋಡಿ."

ಭವ್ಯಶ್ರೀ ಅವರನ್ನು ಸ್ಟೂಲಿನ ಮೇಲೆ ಕೂರಿಸಿ, ಬೆಳಕಿಗೆ ಮುಖ ತಿರುಗಿಸಿ, ಬೊಟ್ಟು ಬಿಡಿಸಿದಳು. "ಕೆಂಪಗಾಗಿದೆ ಅಷ್ಟೆ. ಇನ್ನೂ ಬೆಳ್ಳಗಾಗಿಲ್ಲ ಬೀಗ್ರೇ. ಸದ್ಯಕ್ಕೆ ಏನೂ ಇಡ್ಬೇಡಿ." ಹತ್ತಿಯನ್ನು ಕೊಬ್ಬರಿ ಎಣ್ಣೆಯಲ್ಲಿ ಅದ್ದಿ, ಒಂದು ಕೈಯಲ್ಲಿ ಅವರ ಗದ್ದ ಹಿಡಿದು, ಹಣೆಯಲ್ಲಿ ಉಳಿದಿದ್ದ ಅಂಟನ್ನು ನಿಧಾನವಾಗಿ ಒರೆಸಿದಳು. ಎಲ್ಲ ಹೋದ ಮೇಲೆ ತನ್ನ ಸೆರಗಿನ ತುದಿಯಿಂದ ಎಣ್ಣೆಯನ್ನೂ ಒರೆಸಿದಳು.