ಗಿರಿಜಾ ಕೆ.ಕೆ.

ಬೆಳಿಗ್ಗೆ ಪತ್ರಿಕೆಯಲ್ಲಿ ‘ಬಲ್ಲ ಮೂಲಗಳ ಪ್ರಕಾರ’ ಎಂಬ ಮಾತು ಕಣ್ಣಿಗೆ ಬಿದ್ದದ್ದೇ ನಗು ಉಕ್ಕಿ, ಬಾಯಲ್ಲಿದ್ದ ಕಾಫಿ ನೆತ್ತಿಗೇರಿತು. ಇದರಲ್ಲಿ ನಗುವುದಕ್ಕೇನಿದೆ ಎಂದು ನಿಮಗನ್ನಿಸಬಹುದು. ಕಾಪುವಿನ ಗಿರಿಜಕ್ಕನನ್ನು ನೀವು ಕಂಡವರಲ್ಲವಲ್ಲ!

ಆಗ ತೊಂಬತ್ತರ ದಶಕದ ಕೊನೆ. ಮೀನುಗಾರರ ತಲೆಮಾರುಗಳ ತಿಳಿವಳಿಕೆಯನ್ನು ಕಲೆಹಾಕಿ, ಅದರ ಮೇಲೆ ಮೀನುಗಾರಿಕೆಯ ನಿಯಮ ಮಾಡಬಹುದೇ ಎಂದು ನೋಡುವ ಒಂದು ಅಧ್ಯಯನದಲ್ಲಿ ನಾನು ಸಹಾಯಕ. ಮುಖ್ಯಸ್ಥರು ಧಾರವಾಡದ ಕಡೆಯ ವಿಜ್ಞಾನಿ, ನಮಗೆಲ್ಲ ಮೇಡಂ. ಮೀನಿನಲ್ಲಿ ಡಾಕ್ಟರೇಟ್ ಮಾಡಿದ್ದರೂ ಮೀನನ್ನು ಬಾಯಿಗಿಟ್ಟವರಲ್ಲ. ನಾನೋ, ತಿನ್ನುವುದರಲ್ಲೇ ಡಾಕ್ಟರೇಟ್ ಮಾಡಿದವನು. ಇಬ್ಬರೂ ಸೇರಿದರೆ ಒಬ್ಬ ಪೂರ್ಣ ವಿಜ್ಞಾನಿಯಾದೇವು ಎಂದು ನನ್ನ ಎಣಿಕೆ.

ಗಿರಿಜಕ್ಕ ಪೇಟೆಯಲ್ಲಿ ಮೀನು ಮಾರುತ್ತಿದ್ದರು. ಅವರ ಸ್ವರ ಕಡಲ ದಡದ ದೀಪಸ್ತಂಭದ ತುದಿಗೂ ಕೇಳುತ್ತಿತ್ತು. ಕಾಣೆ ಮೀನಿನ ಹೊಟ್ಟೆಯನ್ನು ಹೆಬ್ಬೆರಳಿನಿಂದ ಒತ್ತಿ “ಇದು ಬಸುರಿ” ಎನ್ನುತ್ತಿದ್ದರು. ಮೇಡಂ ಸೀಳಿ ನೋಡಿದರೆ ಒಳಗೆ ಮೊಟ್ಟೆ. ಒಮ್ಮೊಮ್ಮೆ ತಪ್ಪುವುದೂ ಇತ್ತು. ಆಗ ಗಿರಿಜಕ್ಕ ಮೀನಿಗೇ ಬೈಯುತ್ತಿದ್ದರು.

“ಬಸುರಿಯನ್ನೇ ಹಿಡಿದರೆ ಕಾಣೆ ಕಾಣೆಯಾಗ್ತದೆ ಮೇಡಂ, ಅಲ್ವಾ?”

ಮೇಡಂ ಹಿಗ್ಗಿ ಅದನ್ನು ವರದಿಗೆ ಸೇರಿಸಿದರು. ಕರಡನ್ನು ನಾನು ಗಿರಿಜಕ್ಕನಿಗೆ ಕನ್ನಡದಲ್ಲಿ ಓದಿ ಹೇಳಿದೆ: “ಸ್ಥಳೀಯ ಮೂಲಗಳ ಪ್ರಕಾರ...”

“ಯಾರದು ಮೂಲ?”

“ನೀವೇ ಗಿರಿಜಕ್ಕ.”

“ನನಗೆ ಮೂಲವ್ಯಾಧಿ ಇಲ್ಲ ಮಾರಾಯ್ರೆ! ಹೆಸರು ಉಂಟು. ಅದನ್ನು ಬರೆಯಿರಿ.”

“ಬರೀತೇನ್ರೀ ಅಕ್ಕಾ, ನಿಮ್ಮ ಹೆಸರ ಬರೀತೇನಿ,” ಎಂದರು ಮೇಡಂ, ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತ.

ಮುಂದೆ ಸಭೆ ಸೇರಿತು. ಮೀನು ಮೊಟ್ಟೆಯಿಡುವ ಕಾಲದಲ್ಲಿ ದಡದ ಹತ್ತಿರ ಬಲೆ ಬಿಡಬಾರದು ಎಂಬುದಕ್ಕೆ ಹೆಚ್ಚಿನವರು ಒಪ್ಪಿದರು. ಆದರೆ ಯಾವ ತಾರೀಕಿನಿಂದ? ಗಿರಿಜಕ್ಕನ ತಮ್ಮ ದಾಮೋದರ ಎದ್ದು ನಿಂತ. ಅವನದು ದಡದ ಬಲೆಯದೇ ಬದುಕು.

“ಮೀನಿಗೆ ಕ್ಯಾಲೆಂಡರ್ ಕೊಟ್ಟದ್ದು ಯಾರು? ಮಳೆ ತಡವಾದರೆ ಮೊಟ್ಟೆಯೂ ತಡ!”

ಮಾತು ಸರಿಯೇ ಇತ್ತು. ಆಗ ಗಿರಿಜಕ್ಕ ಎದ್ದರು. “ತಾರೀಕು ಬೇಡ. ಬುಟ್ಟಿಯಲ್ಲಿ ಬಸುರಿಯೇ ಹೆಚ್ಚಾದಾಗ ನಾವು ಹೆಂಗಸರು ಹೇಳ್ತೇವೆ. ಆಮೇಲೆ ಹಿಡಿದು ತಂದರೆ ನಾವು ಮಾರುವುದಿಲ್ಲ.”

ಹೆಂಗಸರು ಮಾರದೆ ಇರುತ್ತಾರೆಯೇ ಎಂದು ಗಂಡಸರು ನಕ್ಕು ಒಪ್ಪಿಕೊಂಡರು.

ಹೆಂಗಸರು ‘ಸಾಕು’ ಎಂದ ಮೇಲೆ ಮೊದಲು ವಾಪಸಾದದ್ದು ದಾಮೋದರನ ಬುಟ್ಟಿಯೇ.

“ಅಕ್ಕಾ, ನಾನು ನಿನ್ನ ತಮ್ಮ!”

“ನೀನು ತಮ್ಮ, ಮೀನು ಬಸುರಿ. ತೆಕ್ಕೊಂಡು ಹೋಗು.”

ಅವನು ಸಿಟ್ಟಿನಿಂದ ಹೆಜಮಾಡಿಯ ಪೇಟೆಗೆ ಒಯ್ದ. ಅಲ್ಲಿಯ ಹೆಂಗಸರಿಗೆ ಅಷ್ಟರಲ್ಲೇ ಸುದ್ದಿ ಮುಟ್ಟಿತ್ತು. ಮೀನು ಮನೆಗೇ ಬಂತು. ಸಾರು, ಹುರಿದದ್ದು, ಮತ್ತೆ ಸಾರು. ಕೊನೆಗೆ ಅವನ ಹೆಂಡತಿ “ಇನ್ನು ನೀವೇ ಬೇಯಿಸಿಕೊಳ್ಳಿ” ಎಂದ ಮೇಲೆ ಬಲೆ ನೀರು ಬಿಟ್ಟು ದಡಕ್ಕೆ ಬಂತು. ಆದರೆ ಅಕ್ಕನ ಜೊತೆ ಅವನು ಮಾತು ಬಿಟ್ಟ. ಗಿರಿಜಕ್ಕನ ಸ್ವರ ಇಳಿಯಿತು. ಎದುರಿಗೆ ನಿಂತ ಗಿರಾಕಿಗೂ ಕೇಳದಷ್ಟು. “ಸಣ್ಣವನಿದ್ದಾಗ ಹೊತ್ತುಕೊಂಡೇ ತಿರುಗಿದ್ದೆ ಅವನನ್ನು,” ಎಂದಿದ್ದರು ನನ್ನಲ್ಲಿ ಒಮ್ಮೆ. ನಾನು ಬೇಡದಿದ್ದರೂ ಬಂಗುಡೆ ಕೊಂಡೆ.

ಆ ಕಾಲ ಮುಗಿದ ಮೇಲೆ ಒಂದು ಬೆಳಿಗ್ಗೆ ದಾಮೋದರ ಬುಟ್ಟಿ ತಂದು ಅಕ್ಕನೆದುರು ಕುಕ್ಕಿದ.

“ಒತ್ತಿ ನೋಡು.”

ಗಿರಿಜಕ್ಕ ಒತ್ತಲಿಲ್ಲ. “ಚಾ ಕುಡಿದಿಯಾ?” ಎಂದರು. ದೀಪಸ್ತಂಭಕ್ಕೆ ಕೇಳಿಸಿರಬೇಕು.

ವರದಿ ಅಚ್ಚಾಗಿ ಬಂತು. ಇಂಗ್ಲಿಷಿನಲ್ಲಿ ಟೈಪು ಮಾಡಿದವರು ‘ಗಿರಿಜಕ್ಕ’ನ ಕೊನೆಯ ಎರಡು ‘ಕೆ’ಗಳನ್ನು ಇನಿಶಿಯಲ್ ಎಂದುಕೊಂಡು ‘ಗಿರಿಜಾ ಕೆ.ಕೆ.’ ಮಾಡಿಬಿಟ್ಟಿದ್ದರು. ಮೇಡಂ ತಲೆಯ ಮೇಲೆ ಕೈ ಹೊತ್ತು ಕೂತರು.

“ಕೆ.ಕೆ. ಎಂದರೆ ಎಂತ?” ಗಿರಿಜಕ್ಕ ಕೇಳಿದರು.

“ಕಾಪುವಿನ ಕಾಣೆ,” ಎಂದೆ.

“ಹಾಗಾದರೆ ಸರಿ,” ಎಂದು ಗಿರಿಜಕ್ಕ ಆ ಪುಟವನ್ನು ಅಕ್ಕಪಕ್ಕದ ಬುಟ್ಟಿಯವರಿಗೆಲ್ಲ ತೋರಿಸಿದರು. ದಾಮೋದರ ಇವತ್ತಿಗೂ ಕರೆಯುವುದು ಕೆ.ಕೆ. ಎಂದೇ.

ಪತ್ರಿಕೆ ಮಡಚಿಟ್ಟು, ನಾನೀಗಿರುವ ಪರ್ಕಳದ ಮೀನಿನಂಗಡಿಗೆ ಹೋದೆ. ಒಂದು ದಪ್ಪ ಕಾಣೆಯ ಹೊಟ್ಟೆ ಒತ್ತಿ, ಬಹಳ ಗಾಂಭೀರ್ಯದಿಂದ “ಬಸುರಿ, ಬೇಡ” ಎಂದೆ. ಅಂಗಡಿಯವ ಮರುಮಾತಿಲ್ಲದೆ ಸೀಳಿದ. ಒಳಗೆ ಸಿಗಡಿ.

“ಊಟ ಮಾಡಿ ಬಂದದ್ದು ಸರ್, ಅಷ್ಟೆ.”

ಗಿರಾಕಿಗಳೆಲ್ಲ ನಕ್ಕರು. ಆ ಕಾಣೆಯನ್ನೇ ಕಟ್ಟಿಸಿಕೊಂಡು, ಮನೆಯ ಕಡೆ ತಿರುಗದೆ ಕಾಪುವಿಗೆ ಹೋಗಲು ಬಸ್ಸಿಗೆ ನಿಂತೆ. ಗಿರಿಜಕ್ಕನಿಗೆ ಈಗ ಮೊಣಕಾಲು ನೋವು, ಪೇಟೆಗೆ ಬರುವುದಿಲ್ಲವಂತೆ. ನನಗೆ ಕಲಿಸುವುದಕ್ಕೆ ಪುರುಸೊತ್ತು ಇದ್ದೀತು.