ವಾಡಿ ಸ್ಟೇಶನ್ನಿನಲ್ಲಿ ನನ್ನ ಪರಿಚಯ

“ಏನ್ ಮಾಡ್ಕೊಂಡೀರಿ?” ಎಂದು ಯಾರಾದರೂ ಕೇಳಿದರೆ ನನಗೆ ಎಲ್ಲಿಲ್ಲದ ಹುರುಪು ಬರುತ್ತದೆ. ಕೇಳಿದವರಿಗೆ ಏನು ಬರುತ್ತದೆ ಎಂಬುದನ್ನು ನಾನು ಬಹಳ ವರ್ಷ ಗಮನಿಸಿರಲಿಲ್ಲ.

ನಮ್ಮ ಕಡೆ ಈ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರ ಕೊಡುವುದು ಮರ್ಯಾದೆ. ಪಟವಾರಿ, ಮಾಸ್ತರ, ವಕೀಲ. ಹೇಳಿ ಮುಗಿಸಿ ಅಡಕೆ ಬಾಯಿಗೆ ಹಾಕಿಕೊಳ್ಳಬಹುದು. ನನಗೆ ಆ ಸುಖವಿಲ್ಲ. ಶಹಾಬಾದಿನಲ್ಲಿ ನಾನು ಬೋರ್ಡು ಬರೆಯುತ್ತೇನೆ. ಅಂಗಡಿಯದು, ಶಾಲೆಯದು, ಸ್ಟೇಶನ್ನಿನದು, ಉರ್ದು ಕನ್ನಡ ಮರಾಠಿ ತೆಲುಗು ಯಾವುದು ಹೇಳಿದರೂ. ಹೊಟ್ಟೆ ತುಂಬುವುದು ಅದರಿಂದಲೇ. ಆದರೆ ಅಷ್ಟಕ್ಕೆ ನಿಲ್ಲಿಸಿದರೆ ನನ್ನೊಳಗಿನ ಉಳಿದವರು ಮುನಿಸಿಕೊಳ್ಳುತ್ತಾರೆ. ಪೇಟಿ, ಅಂದರೆ ಹಾರ್ಮೋನಿಯಂ, ಬಾರಿಸುತ್ತೇನೆ. ನಾಟಕದ ಪರದೆ ಬರೆಯುತ್ತೇನೆ. ನನ್ನ ಅರಮನೆಯ ಪರದೆ ಕಾಳಗಿಯ ತನಕ ಹೋಗಿಬಂದಿದೆ. ಹೋಮಿಯೋಪಥಿ ಗುಳಿಗೆ ಕೊಡುತ್ತೇನೆ, ಇದುವರೆಗೆ ಯಾರೂ ಸತ್ತಿಲ್ಲ. ಕೈ ನೋಡಿ ಭವಿಷ್ಯ ಹೇಳುತ್ತೇನೆ. ಗಡಿಯಾರ ಬಿಚ್ಚುತ್ತೇನೆ, ಕೂಡಿಸುವುದನ್ನು ಇನ್ನೂ ಕಲಿಯುತ್ತಿದ್ದೇನೆ.

ಹಿಂದಿನವರು ಅರವತ್ತನಾಲ್ಕು ವಿದ್ಯೆ ಎಂದು ಪಟ್ಟಿ ಮಾಡಿಟ್ಟು ಹೋದರು. ಅಷ್ಟೂ ಬಲ್ಲವನು ಕನ್ಯಾ ನೋಡಲು ಹೋದಾಗ ಯಾವುದರಿಂದ ಶುರು ಮಾಡಬೇಕು ಎಂಬುದನ್ನು ಮಾತ್ರ ಹೇಳಲಿಲ್ಲ. ಋಷಿಗಳಿಗೆ ಇಂಥ ಅಡಚಣೆ ಬಂದಿರಲಿಕ್ಕಿಲ್ಲ. ಚಿತ್ತಾಪುರದ ಕಚೇರಿಯ ಕಾಗದದಲ್ಲಿ ಕಸಬು ಬರೆಯುವ ‘ಪೇಶಾ’ ಎಂಬ ಕಾಲಮ್ಮಿಗೆ ಬಿಟ್ಟಿರುವ ಜಾಗ ಎರಡು ಬೆರಳಗಲ. ನಾನು ಹೇಳುತ್ತ ಹೋದೆ, ಗುಮಾಸ್ತ ಕೇಳುತ್ತ ಕುಳಿತ, ಕೊನೆಗೆ ಉರ್ದುವಿನಲ್ಲಿ ‘ಮುತಫರ್ರಿಖ್’ ಎಂದು ಗೀಚಿದ. ಇತ್ಯಾದಿ ಎಂದರ್ಥ. ಸರಕಾರದ ದಫ್ತರದಲ್ಲಿ ನಾನು ಇವತ್ತಿಗೂ ಇತ್ಯಾದಿಯೇ.

ಇಷ್ಟಕ್ಕೆ ಬುದ್ಧಿ ಬರಬೇಕಿತ್ತು. ಬರಲಿಲ್ಲ.

ಸೇಡಂನ ಮಾಸ್ತರರೊಬ್ಬರು ಮನೆಮಂದಿಯನ್ನು ಕಟ್ಟಿಕೊಂಡು ಮಂತ್ರಾಲಯಕ್ಕೆ ಹೊರಟಿದ್ದರು. ವಾಡಿಯಲ್ಲಿ ಇಳಿದು ರಾಯಚೂರಿನ ಗಾಡಿ ಹತ್ತಬೇಕು. ನಡುವೆ ಸಿಗುವ ಒಂದು ತಾಸಿನಲ್ಲಿ ಮಗಳನ್ನು ತೋರಿಸುತ್ತೇವೆ, ನಿಮ್ಮ ಹುಡುಗನನ್ನೂ ನೋಡಿದಂತಾಗುತ್ತದೆ ಎಂದು ನನ್ನ ಸೋದರಮಾವನಿಗೆ ಹೇಳಿಕಳಿಸಿದ್ದರು. ನಾವು ಶಹಾಬಾದಿನಿಂದ ಮುಂಚೆಯೇ ಹೋಗಿ ಪ್ಲಾಟ್‌ಫಾರ್ಮಿನ ಬೆಂಚು ಹಿಡಿದೆವು.

ಹುಡುಗಿ ಬಂದು ಅವಲಕ್ಕಿಯ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಎದುರಿಗೆ ಕುಳಿತಳು. ತಲೆ ತಗ್ಗಿಸುವ ಶಾಸ್ತ್ರ ಮರೆತು ನೆಟ್ಟಗೆ ನನ್ನನ್ನು ನೋಡಿದಳು. ಅಷ್ಟಕ್ಕೇ ನನಗೆ ಹಿಡಿಸಿಬಿಟ್ಟಳು. ಮದುವೆಯೆಂದು ಆದರೆ ಇವಳನ್ನೇ ಎಂದುಕೊಂಡೆ. ಇಂಥವಳ ಮುಂದೆ ಬೋರ್ಡು ಬರೆಯುತ್ತೇನೆ ಎಂದು ಬರಿಗೈಯಲ್ಲಿ ನಿಲ್ಲುವುದೆ? ಕಸಬನ್ನು ಕೊನೆಗಿಟ್ಟು ಪೇಟಿಯಿಂದ ಆರಂಭಿಸಿದೆ.

ಪೇಟಿಯಿಂದ ಪರದೆಗೆ, ಪರದೆಯಿಂದ ಗುಳಿಗೆಗೆ ಬಂದಾಗ ಮಾಸ್ತರರು ಮೆಲ್ಲಗೆ, “ಅಲ್ರೀ, ಇದರೊಳಗ ಅನ್ನ ಹಾಕೋದು ಯಾವುದು?” ಎಂದರು.

“ಅದಕ್ಕs ಬರಾಕತ್ತೀನ್ರಿ,” ಎಂದು ನಾನು ಹಸ್ತರೇಖೆಗೆ ಹೋದೆ. ಮಾವ ಎರಡು ಸಲ ಕಾಲು ತುಳಿದ. ಅದು ಮೆಚ್ಚುಗೆ ಎಂದುಕೊಂಡೆ. ಗಡಿಯಾರದ ಸ್ಪ್ರಿಂಗಿನ ವಿಷಯದಲ್ಲಿದ್ದಾಗ ಗಾಡಿ ಬಂತು. ಗಂಟು ಮೂಟೆ ಎತ್ತಿಕೊಂಡು ಅವರು ಹತ್ತಿದರು, ಗಾಡಿ ಹೋಯಿತು, ನನ್ನ ಕಸಬು ನನ್ನ ಬಾಯಲ್ಲೇ ಉಳಿಯಿತು.

ಮಾವ ಬೆಂಚಿನ ಹಿಂದಿದ್ದ ಸ್ಟೇಶನ್ ಬೋರ್ಡಿನತ್ತ ಕೈ ಮಾಡಿದ. “ಇದನ್ನ ಬರದಾಂವ ಯಾರು?”

“ನಾನs.”

“ಮತ್ತ ಬಟ್ಟು ಮಾಡಿ ತೋರಸ್ಲಿಕ್ಕೆ ಏನ್ ಧಾಡಿ ಆಗಿತ್ತು?”

ಒಂದು ತಾಸು ಅದರ ಕೆಳಗೇ ಕುಳಿತು ಗಡಿಯಾರದ ಮಾತಾಡಿದ್ದೆ. ನನಗೆ ನಿಜಕ್ಕೂ ಅಳು ಬಂತು.

ಎಂಟು ದಿನಕ್ಕೆ ಮಾಸ್ತರರ ಕಾರ್ಡು ಬಂತು. ‘ನಾವು ಒಬ್ಬ ಅಳಿಯನನ್ನು ಹುಡುಕುತ್ತಿದ್ದೇವೆ. ವಾಡಿಯಲ್ಲಿ ಐದಾರು ಜನ ಸಿಕ್ಕರು. ಅವರಲ್ಲಿ ಉದ್ಯೋಗಸ್ಥರು ಯಾರೆಂದು ದಯಮಾಡಿ ತಿಳಿಸುವುದು.’ ಮಾವ ನನ್ನ ಎದುರಿಗೆ ಕುಳಿತು ಉತ್ತರ ಬರೆಸಿದ. ಒಂದೇ ಸಾಲು: ‘ನಾನು ಬೋರ್ಡು ಬರೆಯುತ್ತೇನೆ, ನಿಮ್ಮೂರ ಸ್ಟೇಶನ್ನಿನ ಹೆಸರು ಬರೆದವನು ನಾನೇ.’ ಕೆಳಗೆ ಪೇಟಿಯ ಬಗ್ಗೆ ಒಂದು ಸಾಲಿಗೆ ಜಾಗವಿತ್ತು, ಅಲ್ಲಿ ಅವನು ವಿಳಾಸ ದೊಡ್ಡದಾಗಿ ಬರೆದ.

ಮಾಸ್ತರರು ಸೇಡಂ ಸ್ಟೇಶನ್ನಿಗೆ ಹೋಗಿ ಬೋರ್ಡನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿ, ದೀರ್ಘವೂ ಸೊನ್ನೆಯೂ ತಪ್ಪಿಲ್ಲ ಎಂದು ಖಾತ್ರಿ ಮಾಡಿಕೊಂಡು ಬಂದರಂತೆ. ಮದುವೆಯಾಯಿತು.

ಆದರೂ ನನ್ನ ಆಸೆ ಬಿಡಲಿಲ್ಲ. ಬೋರ್ಡು ಅಪ್ಪನನ್ನು ಒಪ್ಪಿಸಿತು, ಸರಿ. ಮಗಳು ಯಾವುದಕ್ಕೋ ಮನಸೋತಿರಲೇಬೇಕಲ್ಲ? ಒಂದು ಮಧ್ಯಾಹ್ನ ಊಟದ ಮೇಲೆ ಪೇಟಿ ಪಕ್ಕಕ್ಕಿಟ್ಟುಕೊಂಡು ಕೇಳಿದೆ. “ಖರೇ ಹೇಳು, ಅವತ್ತು ನಾ ಹೇಳಿದ್ದರೊಳಗ ಯಾವುದು ಕೇಳಿ ಹೂಂ ಅಂದಿ?”

ಅವಳು ಎಲೆಗೆ ಸುಣ್ಣ ಹಚ್ಚುತ್ತಿದ್ದಳು, ತಲೆ ಎತ್ತಲಿಲ್ಲ.

“ಯಾವುದೂ ಅಲ್ಲರಿ. ನೀವು ಬಾಯಿ ತಗಿಯೋಕಿಂತ ಮೊದಲs ಅವ್ವಗ ಹೂಂ ಅಂದಿದ್ದೆ. ಆಮ್ಯಾಲ ತಡಾ ಆಗಿದ್ದೆಲ್ಲಾ ನಿಮ್ಮಿಂದ.”